ಬೈಕಿಗೆ ಎತ್ತರದ ಹ್ಯಾಂಡಲ್, ಉದ್ದದ ಕೇಬಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾಂಡಲ್ ಬಿಚ್ಚಲು ನಾಲ್ಕು ಬೋಲ್ಟ್ ತಿರುಗಿಸಿದರೆ ಸಾಕು. ತಲೆನೋವು ಆಮೇಲೆ ಶುರುವಾಗುತ್ತದೆ. ಕ್ಲಚ್ ಕೇಬಲ್ ಎರಡಿಂಚು ಗಿಡ್ಡ, ಬ್ರೇಕ್ ಹೋಸ್ ಬಿಗಿ, ಹಾರ್ನಿನ ವೈರು ಹೆಡ್‌ಲೈಟ್ ಡೂಮ್ ದಾಟಿ ಬರುತ್ತಲೇ ಇಲ್ಲ. ಭಾನುವಾರ ಸಂಜೆ ಗಾಡಿ ಹೀಗೆ ಅರ್ಧಕ್ಕೆ ನಿಂತವರೇ ಹೆಚ್ಚಾಗಿ ಈ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಮೊದಲು ಹ್ಯಾಂಡಲ್ ಕೂರಿಸಿ ಅಳೆಯಿರಿ, ಕೇಬಲ್ ಆಮೇಲೆ ಕೊಳ್ಳಿ. ಉದಾಹರಣೆಗೆ ಬುಲೆಟ್, ಕ್ಲಾಸಿಕ್ 350, ಅವೆಂಜರ್ ತಗೊಂಡಿದ್ದೇನೆ. ನಮ್ಮಲ್ಲಿ ಹ್ಯಾಂಡಲ್ ಬದಲಾಯಿಸಿಕೊಳ್ಳುವವರು ಜಾಸ್ತಿ ಇರುವುದೇ ಈ ಗಾಡಿಗಳಲ್ಲಿ.

ನನಗೆ ಎತ್ತರದ ಹ್ಯಾಂಡಲ್ ನಿಜವಾಗಿ ಬೇಕಾ?

ಯಾಕೆ ಬೇಕು ಅನ್ನುವುದನ್ನು ಮೊದಲು ಹೇಳಿ. ದೂರ ಓಡಿಸಿದಾಗ ಅಂಗೈ ಮರಗಟ್ಟುತ್ತದೆ, ಕುತ್ತಿಗೆ ಹಿಡಿದುಕೊಳ್ಳುತ್ತದೆ, ಮೈ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ ಅಂದರೆ ಕಾರಣ ಸರಿಯಾಗಿದೆ. ಚೆನ್ನಾಗಿ ಕಾಣುತ್ತದೆ ಅಂತ ಬೇಕಿದ್ದರೂ ತಪ್ಪಿಲ್ಲ, ಆದರೆ ಆಗ ಎತ್ತರ ಆಯ್ಕೆ ಮಾಡುವಾಗ ಕೈ ಸ್ವಲ್ಪ ಹಿಡಿತದಲ್ಲಿರಲಿ.

ಬೆನ್ನು ನೋವಿಗೆ ಎತ್ತರದ ಹ್ಯಾಂಡಲ್ ಔಷಧಿ ಅಂತ ಬಹಳ ಜನ ನಂಬಿದ್ದಾರೆ. ಪೂರ್ತಿ ನಿಜ ಅಲ್ಲ. ಹ್ಯಾಂಡಲ್ ಮೇಲೆ ಬಂದಷ್ಟೂ ನೀವು ನೆಟ್ಟಗೆ ಕೂರುತ್ತೀರಿ, ಕೈಯ ಮೇಲಿದ್ದ ಭಾರ ಸೊಂಟಕ್ಕೆ, ಬಾಲಮೂಳೆಗೆ ಇಳಿಯುತ್ತದೆ. ಗುಂಡಿ ಹೊಡೆದಾಗ ಪೆಟ್ಟು ನೇರ ಅಲ್ಲಿಗೇ. ಹೈವೇಯಲ್ಲಿ 80 ದಾಟಿದರೆ ಗಾಳಿ ಎದೆಗೆ ಹೊಡೆಯುತ್ತದೆ, ಅದನ್ನು ತಡೆಯಲು ಕೈಯಲ್ಲಿ ಹ್ಯಾಂಡಲ್ ಎಳೆದು ಹಿಡಿಯಬೇಕಾಗುತ್ತದೆ.

ಸೀಟಿನ ಮೇಲೆ ಕೂತು ಕಣ್ಣು ಮುಚ್ಚಿ, ಭುಜ ಸಡಿಲ ಬಿಟ್ಟು ಎರಡೂ ಕೈ ಮುಂದೆ ಚಾಚಿ. ಮೊಣಕೈ ಸ್ವಲ್ಪ ಮಡಚಿರಲಿ. ಅಂಗೈ ಎಲ್ಲಿ ಬಂದು ನಿಲ್ಲುತ್ತದೋ ಅಲ್ಲಿ ಗ್ರಿಪ್ ಇರಬೇಕು. ಆ ಜಾಗಕ್ಕೂ ಈಗಿನ ಗ್ರಿಪ್‌ಗೂ ಎಷ್ಟು ಅಂತರ ಅಂತ ಸ್ನೇಹಿತರ ಕೈಲಿ ಟೇಪ್ ಹಿಡಿಸಿ. ತುಂಬಾ ಜನಕ್ಕೆ ಅದು ಒಂದಿಂಚು, ಒಂದೂವರೆ ಇಂಚು ಬರುತ್ತದೆ, ಅಷ್ಟೇ.

ಒಂದಿಂಚಿಗೆ ಹೊಸ ಹ್ಯಾಂಡಲ್ ಯಾಕೆ, ರೈಸರ್ ಸಾಕಲ್ವಾ?

ಸಾಕು. ಅದಕ್ಕೂ ಮುಂಚೆ ಒಂದು ಪುಕ್ಕಟೆ ಉಪಾಯ ಇದೆ. ಹ್ಯಾಂಡಲ್ ಕ್ಲ್ಯಾಂಪ್ ಸಡಿಲ ಮಾಡಿ, ಹ್ಯಾಂಡಲನ್ನು ಸ್ವಲ್ಪ ನಿಮ್ಮ ಕಡೆಗೆ ತಿರುಗಿಸಿ ಮತ್ತೆ ಬಿಗಿ ಮಾಡಿ. ಲಿವರ್‌ಗಳನ್ನೂ ಅದಕ್ಕೆ ತಕ್ಕ ಹಾಗೆ ಕೆಳಗೆ ಇಳಿಸಿ. ಎಷ್ಟೋ ಸಲ ಇಲ್ಲಿಗೇ ಕಥೆ ಮುಗಿಯುತ್ತದೆ.

ಆಗಲಿಲ್ಲ ಅಂದರೆ ರೈಸರ್. ಹ್ಯಾಂಡಲ್ ಕೂರುವ ಕ್ಲ್ಯಾಂಪಿನ ಕೆಳಗೆ ಇಡುವ ಅಲ್ಯುಮಿನಿಯಂ ತುಂಡು, ಜೊತೆಗೆ ಉದ್ದದ ಬೋಲ್ಟ್. ಬೋಲ್ಟ್ ಉದ್ದವನ್ನು ಮಾತ್ರ ನೋಡಿ ತಗೊಳ್ಳಿ. 30 ಮಿ.ಮೀ. ರೈಸರ್ ಹಾಕಿ ಹಳೇ ಬೋಲ್ಟನ್ನೇ ತುರುಕಿದರೆ ಕೆಳಗೆ ಹಿಡಿಯುವುದು ಎರಡು ಮೂರು ಸುತ್ತು ಥ್ರೆಡ್ ಮಾತ್ರ. ಬೋಲ್ಟಿನ ದಪ್ಪ ಎಷ್ಟೋ ಕಡೇಪಕ್ಷ ಅಷ್ಟು ಉದ್ದ ಒಳಗೆ ಹೋಗಿರಬೇಕು. 8 ಮಿ.ಮೀ. ಬೋಲ್ಟ್ ಆದರೆ ಒಳಗೆ 8 ಮಿ.ಮೀ., ಅದಕ್ಕಿಂತ ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು.

ಎಷ್ಟು ಎತ್ತರದ ತನಕ ಹಳೇ ಕೇಬಲ್ ನಡೆಯುತ್ತದೆ?

ಒಂದಿಂಚಿನ ತನಕ ಬಹಳಷ್ಟು ಗಾಡಿಗಳಲ್ಲಿ ನಡೆಯುತ್ತದೆ. ಕೇಬಲ್ ಹೋಗುವ ದಾರಿಯನ್ನು ಸ್ವಲ್ಪ ಬದಲಿಸಿ, ಒಂದು ಕ್ಲಿಪ್ ಬಿಡಿಸಿದರೆ ಒಂದೂವರೆಯೂ ಆದೀತು. ಎರಡಿಂಚು ದಾಟಿದರೆ ಕೇಬಲ್, ಹೋಸ್ ಎರಡಕ್ಕೂ ದುಡ್ಡು ಎತ್ತಿಡಿ.

ಇದು ಬರೀ ಅಂದಾಜು. ಪರೀಕ್ಷೆ ಹೀಗೆ: ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರನ್ನು ಕೂರಿಸಿ ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ. ಫೋರ್ಕ್ (ಮುಂದಿನ ಶಾಕ್) ಪೂರ್ತಿ ಕೆಳಗಿಳಿದಿರಬೇಕು. ಈಗ ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಯಾವ ಕೇಬಲ್ಲೂ, ಹೋಸೂ ಎಳೆದುಕೊಳ್ಳಬಾರದು. ಬೆರಳಲ್ಲಿ ಮುಟ್ಟಿದರೆ ಸ್ವಲ್ಪ ಅಲ್ಲಾಡಬೇಕು. ಚಕ್ರ ನೆಲದಲ್ಲಿದ್ದಾಗ ಸರಿ ಕಂಡ ಬ್ರೇಕ್ ಹೋಸ್, ರೋಡ್ ಹಂಪ್ ಹಾರಿ ಫೋರ್ಕ್ ಉದ್ದವಾದ ಗಳಿಗೆಯಲ್ಲಿ ಬಿಗಿಯಾಗಬಹುದು. ಚಕ್ರ ಎತ್ತಿ ನೋಡಿ ಅನ್ನುವುದು ಅದಕ್ಕೇ.

ನನ್ನ ಗಾಡಿಗೆ ಯಾವ ಅಳತೆಯ ಹ್ಯಾಂಡಲ್ ಕೂರುತ್ತದೆ?

ಎರಡು ಜಾಗದಲ್ಲಿ ದಪ್ಪ ಅಳೆಯಬೇಕು: ಕ್ಲ್ಯಾಂಪ್ ಹಿಡಿಯುವ ನಡುಭಾಗ, ಗ್ರಿಪ್ ಕೂರುವ ತುದಿ. ನಮ್ಮ ರಸ್ತೆಯ ಹೆಚ್ಚಿನ ಗಾಡಿಗಳಲ್ಲಿ ಗ್ರಿಪ್ ಕೂರುವ ಕಡೆ 22 ಮಿ.ಮೀ., ಅಂದರೆ ಮುಕ್ಕಾಲಿಂಚಿಗಿಂತ ಸ್ವಲ್ಪ ಜಾಸ್ತಿ. ನಡುವೆ ದಪ್ಪವಾಗಿ ತುದಿಗೆ ಸಣ್ಣಗಾಗುವ ಅಲ್ಯುಮಿನಿಯಂ ಹ್ಯಾಂಡಲ್‌ಗಳಲ್ಲಿ ನಡುಭಾಗ 28.6 ಮಿ.ಮೀ. ಇರುತ್ತದೆ. ಹಾರ್ಲೆಯಂಥ ಅಮೆರಿಕನ್ ಗಾಡಿಗಳದ್ದು ಒಂದಿಂಚು, 25.4 ಮಿ.ಮೀ. ಹಾರ್ಲೆ ಶೈಲಿಯ ಹ್ಯಾಂಡಲ್ ಅಂತ ಚೆಂದ ನೋಡಿ ತರಿಸಿಕೊಂಡವರಿಗೆ ಸ್ವಿಚ್ಚೂ ಕೂರುವುದಿಲ್ಲ, ಗ್ರಿಪ್ಪೂ ಕೂರುವುದಿಲ್ಲ. ವರ್ನಿಯರ್ ಇಟ್ಟು ಅಳೆದುಕೊಂಡೇ ಅಂಗಡಿಗೆ ಹೋಗಿ.

ಜೊತೆಗೆ ತುದಿಯ ನೇರ ಭಾಗದ ಉದ್ದ ನೋಡಿ. ಗ್ರಿಪ್, ಸ್ವಿಚ್, ಲಿವರ್ ಯೋಕ್ (ಲಿವರನ್ನು ಹ್ಯಾಂಡಲ್‌ಗೆ ಹಿಡಿಸುವ ಬ್ರಾಕೆಟ್), ಕನ್ನಡಿ ಎಲ್ಲ ಆ ನೇರ ಭಾಗದಲ್ಲೇ ಕೂರಬೇಕು. ಬಾಗು ಬೇಗ ಶುರುವಾದರೆ ಯೋಕ್ ಅರ್ಧ ಬಾಗಿನ ಮೇಲೆ ಕೂತು ಎಷ್ಟು ಬಿಗಿ ಮಾಡಿದರೂ ಹಿಡಿಯುವುದಿಲ್ಲ.

ಕಂಪನಿಯ ಪಾರ್ಟನ್ನೇ ಹಾಕಿ ಎತ್ತರ ಮಾಡುವ ದಾರಿ ಇದೆಯಾ?

ಕೆಲವು ಗಾಡಿಗಳಿಗೆ ಇದೆ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಜಾಣ ದಾರಿ. ಬಜಾಜ್ 2015ರಲ್ಲಿ ಅವೆಂಜರ್ 220ಯನ್ನು ಸ್ಟ್ರೀಟ್, ಕ್ರೂಸ್ ಅಂತ ಎರಡು ರೂಪದಲ್ಲಿ ಬಿಟ್ಟಿತು. ಎಂಜಿನ್ ಒಂದೇ. ಸ್ಟ್ರೀಟ್‌ಗೆ ಚಪ್ಪಟೆ ಹ್ಯಾಂಡಲ್, ಕ್ರೂಸ್‌ಗೆ ಎತ್ತರದ್ದು. ಸ್ಟ್ರೀಟ್ ಇಟ್ಟುಕೊಂಡವರು ಕ್ರೂಸ್ ಹ್ಯಾಂಡಲ್ ಹಾಕಿಸಬೇಕಿದ್ದರೆ ಅಳತೆಯ ಗೊಂದಲವೇ ಬೇಡ. ಸ್ಪೇರ್ಸ್ ಕೌಂಟರಿನಲ್ಲಿ ಕ್ರೂಸ್‌ನ ಹ್ಯಾಂಡಲ್, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಹೋಸ್ ಕೇಳಿ. ಕೊಳ್ಳುವ ಮುಂಚೆ ನಿಮ್ಮ ಗಾಡಿಯ ಕೇಬಲನ್ನು ಪಕ್ಕದಲ್ಲಿಟ್ಟು ತುದಿಯ ನಿಪ್ಪಲ್ (ತಂತಿಯ ಕೊನೆಯ ಲೋಹದ ಗುಂಡು), ಅಡ್ಜಸ್ಟರ್ (ಬಿಗಿ ಸಡಿಲ ಹೊಂದಿಸುವ ತಿರುಪು) ಎರಡೂ ಒಂದೇ ಥರ ಇವೆಯಾ ನೋಡಿ. ಮಾಡೆಲ್ ವರ್ಷ ಬೇರೆಯಾದರೆ ಹೋಸಿನ ತುದಿ ಬೇರೆಯಾಗಿರಬಹುದು.

ಕ್ಲಾಸಿಕ್ 350ಗೆ ಥಂಡರ್‌ಬರ್ಡ್ ಹ್ಯಾಂಡಲ್ ಹಾಕುವುದೂ ಹಳೇ ರೂಢಿ. ಅಲ್ಲೂ ಇದೇ ಮಾತು: ಹ್ಯಾಂಡಲ್ ಕೂತಿತು ಅಂತ ಕೇಬಲ್ ಮುಟ್ಟಿತು ಅಂದುಕೊಳ್ಳಬೇಡಿ.

ಯಾವ್ಯಾವ ಕೇಬಲ್ ಬದಲಾಯಿಸಬೇಕು?

ಹ್ಯಾಂಡಲ್‌ಗೆ ಬಂದು ಸೇರುವುದೆಲ್ಲ ಲೆಕ್ಕಕ್ಕೆ. ಕ್ಲಚ್, ಆಕ್ಸಿಲರೇಟರ್, ಮುಂದಿನ ಬ್ರೇಕ್. ಡಿಸ್ಕ್ ಇದ್ದರೆ ಹೋಸ್, ಡ್ರಮ್ ಇದ್ದರೆ ಕೇಬಲ್. ಕಾರ್ಬ್ಯುರೇಟರ್ ಗಾಡಿಗಳಲ್ಲಿ ಚೋಕ್ ಹ್ಯಾಂಡಲ್ ಮೇಲಿದ್ದರೆ ಅದರ ಕೇಬಲ್ಲೂ. ಹಳೇ ಕಾಸ್ಟ್ ಐರನ್ ಬುಲೆಟ್ ಇದ್ದರೆ ಡಿಕಂಪ್ರೆಸರ್ (ಕಿಕ್ ಹಗುರವಾಗಲು ಸಿಲಿಂಡರಿನ ಒತ್ತಡ ಬಿಡುವ ಲಿವರ್) ಕೇಬಲ್ ಮರೆಯಬೇಡಿ, ಎಲ್ಲರೂ ಮರೆಯುವುದು ಅದನ್ನೇ.

ಕೆಲವು ಗಾಡಿಗಳಿಗೆ ಆಕ್ಸಿಲರೇಟರ್ ಕೇಬಲ್ ಎರಡು ಇರುತ್ತವೆ, ಒಂದು ತೆರೆಯಲು, ಇನ್ನೊಂದು ವಾಪಸ್ ಮುಚ್ಚಲು. ಎರಡನ್ನೂ ಒಂದೇ ಅಳತೆ ಕೂಡಿಸಿ ಉದ್ದ ಮಾಡಬೇಕು. 390 ಡ್ಯೂಕಿನ 2017ರ ನಂತರದ ಮಾಡೆಲ್, ಹಿಮಾಲಯನ್ 450 ಇಂಥವುಗಳಲ್ಲಿ ಆಕ್ಸಿಲರೇಟರ್ ಕೇಬಲ್ಲೇ ಇಲ್ಲ, ವೈರಿನಲ್ಲಿ ಸಿಗ್ನಲ್ ಹೋಗುತ್ತದೆ. ಕೇಬಲ್ಲಿನ ಕೆಲಸ ಒಂದು ಉಳಿಯಿತು, ಆದರೆ ಆ ವೈರಿಗೆ ಕತ್ತರಿ ಹಾಕುವ ಧೈರ್ಯ ಯಾರೂ ಮಾಡಬಾರದು.

ಸ್ಪೀಡೋಮೀಟರ್ ಕೇಬಲ್ ಚಕ್ರದಿಂದ ಮೀಟರಿಗೆ ಹೋಗುತ್ತದೆ, ಮೀಟರ್ ಜಾಗ ಬದಲಿಸದಿದ್ದರೆ ಅದನ್ನು ಮುಟ್ಟುವ ಅಗತ್ಯ ಇಲ್ಲ.

ಎಷ್ಟು ಉದ್ದ ಬೇಕು ಅಂತ ಅಳೆಯುವುದು ಹೇಗೆ?

ಹ್ಯಾಂಡಲ್ ನಾಲ್ಕಿಂಚು ಎತ್ತರ ಆದರೆ ಕೇಬಲ್ಲೂ ನಾಲ್ಕಿಂಚು ಉದ್ದ ಅನ್ನುವುದು ಅರ್ಧ ಲೆಕ್ಕ. ಎತ್ತರದ ಹ್ಯಾಂಡಲ್ ಹೆಚ್ಚಾಗಿ ಹಿಂದಕ್ಕೂ ಬಂದಿರುತ್ತದೆ, ಅಗಲವೂ ಆಗಿರುತ್ತದೆ. 100 ಮಿ.ಮೀ. ಮೇಲೆ, 50 ಮಿ.ಮೀ. ಹಿಂದೆ ಹೋದರೆ ನೇರ ದೂರವೇ ಸುಮಾರು 112 ಮಿ.ಮೀ. ಕೇಬಲ್ ನೇರವಾಗಿ ಹೋಗುವುದಿಲ್ಲ, ಬಳುಕಿ ಹೋಗುತ್ತದೆ. ಹಾಗಾಗಿ ಕಾಗದದ ಲೆಕ್ಕ ಬಿಟ್ಟು ಗಾಡಿಯ ಮೇಲೇ ಅಳೆಯಿರಿ.

ಮೊದಲು ಹೊಸ ಹ್ಯಾಂಡಲ್ ಕೂರಿಸಿ, ನಿಮಗೆ ಬೇಕಾದ ಕೋನಕ್ಕೆ ತಿರುಗಿಸಿ ಬಿಗಿ ಮಾಡಿ. ಲಿವರ್ ಯೋಕ್ ಅದರ ಜಾಗದಲ್ಲಿ ಹಾಕಿ. ಕೇಬಲ್ ಜೋಡಿಸಬೇಡಿ. ಈಗ ಸ್ಪೇರ್ಸ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಪೆಟ್ರೋಲ್ ಪೈಪು ಅಥವಾ ಹಳೇ ಸೈಕಲ್ ಬ್ರೇಕಿನ ಹೊರಕವಚ ತಗೊಳ್ಳಿ. ದಾರ ಬೇಡ. ದಾರ ಎಲ್ಲಿ ಬೇಕಾದರೂ ಮಡಚಿಕೊಳ್ಳುತ್ತದೆ, ಕೇಬಲ್ ಹಾಗೆ ಮಡಚುವುದಿಲ್ಲ. ಯೋಕಿನ ಅಡ್ಜಸ್ಟರಿನಿಂದ ಹಿಡಿದು ಎಂಜಿನ್ ಕಡೆಯ ತುದಿಯ ತನಕ, ಹಳೇ ಕೇಬಲ್ ಹೋದ ದಾರಿಯಲ್ಲೇ ಈ ಪೈಪನ್ನು ಓಡಿಸಿ. ಹ್ಯಾಂಡಲನ್ನು ಎಡಬಲ ಪೂರ್ತಿ ತಿರುಗಿಸಿ, ಯಾವ ಕಡೆ ಜಾಸ್ತಿ ಉದ್ದ ಕೇಳುತ್ತದೋ ಅಲ್ಲಿ ಪೈಪಿಗೆ ಗುರುತು ಹಾಕಿ. ಈ ಉದ್ದದಲ್ಲಿ ಹಳೇ ಕೇಬಲ್ಲಿನ ಹೊರಕವಚದ ಉದ್ದ ಕಳೆಯಿರಿ. ಬಂದ ಅಂತರಕ್ಕೆ 20ರಿಂದ 25 ಮಿ.ಮೀ. ಕೂಡಿಸಿ. ಅದೇ ನಿಮ್ಮ ಕೇಬಲ್ ಎಷ್ಟು ಉದ್ದವಾಗಬೇಕು ಅನ್ನುವ ಲೆಕ್ಕ.

ಅಳೆಯುವಾಗ ಅಡ್ಜಸ್ಟರ್‌ಗಳು ನಡುವಿನಲ್ಲಿರಲಿ. ಪೂರ್ತಿ ಒಳಗೋ ಹೊರಗೋ ಇದ್ದರೆ ಆಮೇಲೆ ಹೊಂದಿಸಲು ಜಾಗ ಉಳಿಯುವುದಿಲ್ಲ.

ಕೇಬಲ್ ಮಾಡಿಸುವಾಗ ಅಂಗಡಿಯವರಿಗೆ ಏನು ಹೇಳಬೇಕು?

ಬರೀ "ಐದಿಂಚು ಉದ್ದ ಮಾಡಿಕೊಡಿ" ಅನ್ನಬೇಡಿ. ಕೇಬಲ್ಲಿಗೆ ಎರಡು ಉದ್ದ ಇದೆ: ಹೊರಕವಚದ್ದು, ಒಳಗಿನ ತಂತಿಯದ್ದು. ಎರಡರ ನಡುವಿನ ವ್ಯತ್ಯಾಸ, ಅಂದರೆ ಕವಚದಿಂದ ಆಚೆ ಇಣುಕುವ ತಂತಿಯ ಉದ್ದ, ಅದು ಮಾತ್ರ ಹಳೇದರಲ್ಲಿ ಎಷ್ಟಿತ್ತೋ ಅಷ್ಟೇ ಇರಬೇಕು.

ಲೆಕ್ಕಕ್ಕೆ ಹೇಳುತ್ತೇನೆ. ಹಳೇ ಕ್ಲಚ್ ಕೇಬಲ್ಲಿನ ಹೊರಕವಚ 900 ಮಿ.ಮೀ., ಒಳತಂತಿ 1,000 ಮಿ.ಮೀ. ಅಂದುಕೊಳ್ಳಿ. ಇಣುಕುವ ತಂತಿ 100. ನಿಮಗೆ 110 ಮಿ.ಮೀ. ಜಾಸ್ತಿ ಬೇಕು. ಹೊಸ ಹೊರಕವಚ 1,010, ಒಳತಂತಿ 1,110. ಇಣುಕುವುದು ಮತ್ತೆ 100. ತಂತಿ ಮಾತ್ರ ಉದ್ದ ಮಾಡಿ ಕವಚವನ್ನು ಹಾಗೇ ಬಿಟ್ಟರೆ ಲಿವರ್ ಪೂರ್ತಿ ಒತ್ತಿದರೂ ಕ್ಲಚ್ ಬಿಡುವುದಿಲ್ಲ. ಕವಚ ಜಾಸ್ತಿಯಾಗಿ ತಂತಿ ಸಾಲದಿದ್ದರೆ ಕ್ಲಚ್ ಯಾವಾಗಲೂ ಅರ್ಧ ಒತ್ತಿದ ಹಾಗೇ ಇದ್ದು ಪ್ಲೇಟ್ ಸುಟ್ಟು ಹೋಗುತ್ತದೆ.

ಹಳೇ ಕೇಬಲ್ಲನ್ನು ಜೊತೆಗೇ ಒಯ್ಯಿರಿ. ಕವಚವನ್ನು ಒಂದು ತುದಿಗೆ ಪೂರ್ತಿ ಒತ್ತಿ ಹಿಡಿದು, ಇನ್ನೊಂದು ತುದಿಯಲ್ಲಿ ಇಣುಕುವ ತಂತಿಯನ್ನು ಅಂಗಡಿಯವರ ಎದುರೇ ಅಳೆಯಿರಿ. ತಂತಿಯ ದಪ್ಪವೂ ಹಳೇದರಷ್ಟೇ ಇರಲಿ. ಕ್ಲಚ್ಚಿನ ತಂತಿ ಆಕ್ಸಿಲರೇಟರಿನದ್ದಕ್ಕಿಂತ ದಪ್ಪ ಇರುತ್ತದೆ, ಎರಡಕ್ಕೂ ಒಂದೇ ತಂತಿ ಕತ್ತರಿಸಿ ಕೊಡುವವರಿಂದ ದೂರ ಇರಿ.

ತುದಿಗೆ ನಿಪ್ಪಲ್ ಹಾಕುವ ಕೆಲಸವನ್ನು ನಿಂತು ನೋಡಿ. ತಂತಿಯನ್ನು ನಿಪ್ಪಲ್ಲಿನೊಳಗೆ ತೂರಿಸಿ, ಆಚೆ ಬಂದ ಎಳೆಗಳನ್ನು ಬಿಡಿಸಿ ಅಗಲ ಮಾಡಬೇಕು. ಆಮೇಲೆ ಫ್ಲಕ್ಸ್ ಹಚ್ಚಿ, ಬೆಸುಗೆ ಎಳೆಗಳ ನಡುವೆ ಹರಿದು ತುಂಬಿಕೊಳ್ಳಬೇಕು. ಎಳೆ ಬಿಡಿಸದೆ ಮೇಲೆ ಮೇಲೆ ಸೀಸದ ಉಂಡೆ ಕೂರಿಸಿದರೆ ನೋಡಲು ಚೆನ್ನಾಗಿರುತ್ತದೆ, ಟ್ರಾಫಿಕ್ಕಿನಲ್ಲಿ ಒಂದು ದಿನ ಕಿತ್ತುಕೊಂಡು ಬರುತ್ತದೆ. ತಂತಿ ಕೆಂಪಗಾಗುವಷ್ಟು ಕಾಯಿಸಿದರೂ ಕೆಟ್ಟಿತು, ಬೆಸುಗೆಯ ಪಕ್ಕದಲ್ಲೇ ಮುರಿಯುತ್ತದೆ.

ಡ್ರಮ್ ಬ್ರೇಕಿನ ಕೇಬಲ್ ಮಾತ್ರ ಹೀಗೆ ಕೈಯಲ್ಲಿ ಮಾಡಿಸಬೇಡಿ. ಫ್ಯಾಕ್ಟರಿಯಲ್ಲಿ ತಯಾರಾದ ಉದ್ದದ ಕೇಬಲ್ ಹುಡುಕಿ. ಸಿಗದಿದ್ದರೆ ಹ್ಯಾಂಡಲ್ಲಿನ ಎತ್ತರ ಕಡಿಮೆ ಮಾಡಿಕೊಳ್ಳಿ. ಅಂದ ಹಾಗೆ ಕೇಬಲ್ ತಯಾರಿಕೆಯಲ್ಲಿ ನಮ್ಮೂರೇನೂ ಹಿಂದೆ ಬಿದ್ದಿಲ್ಲ. ದೇಶದ ಎಷ್ಟೋ ದ್ವಿಚಕ್ರ ವಾಹನಗಳಿಗೆ ಕೇಬಲ್ ಕೊಡುವ ಸುಪ್ರಜಿತ್ 1985ರಲ್ಲಿ ಹುಟ್ಟಿದ ಬೆಂಗಳೂರಿನ ಕಂಪನಿ.

ಹೇಗಿದ್ದರೂ ಇರಲಿ ಅಂತ ಒಂದಡಿ ಜಾಸ್ತಿ ಉದ್ದದ್ದೇ ತಗೊಂಡರೆ?

ಬೇಡ. ಜಾಸ್ತಿ ಉದ್ದ ಎಲ್ಲಾದರೂ ಸುತ್ತಿಕೊಳ್ಳಲೇಬೇಕು. ಸುತ್ತಿದ ಕಡೆಯೆಲ್ಲ ಒಳಗಿನ ತಂತಿ ಕವಚಕ್ಕೆ ಉಜ್ಜುತ್ತದೆ, ಕ್ಲಚ್ ಗಟ್ಟಿಯಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಬೇಗ ವಾಪಸ್ ಬರುವುದಿಲ್ಲ. ಜೋತುಬಿದ್ದ ಕೇಬಲ್ ಹ್ಯಾಂಡಲ್ ತಿರುಗಿಸುವಾಗ ಹಾರ್ನ್ ಬ್ರಾಕೆಟ್‌ಗೋ ಲಾಕಿನ ಸಂದಿಗೋ ಸಿಕ್ಕಿಕೊಳ್ಳುತ್ತದೆ.

ಹಳೇ ಕೇಬಲ್ಲಿಗೇ ಜಾಯಿಂಟ್ ಹಾಕಬಹುದಾ?

ಇಲ್ಲ.

ಹೊಸ ಕೇಬಲ್ ಟ್ಯಾಂಕಿನ ಕೆಳಗೆ ತೂರಿಸುವುದೇ ದೊಡ್ಡ ಕಷ್ಟ. ಸುಲಭದ ದಾರಿ ಇದೆಯಾ?

ಇದೆ. ಪೈಜಾಮಕ್ಕೆ ಹೊಸ ಲಾಡಿ ಪೋಣಿಸುವಾಗ ಹಳೇ ಲಾಡಿಯ ತುದಿಗೆ ಗಂಟು ಹಾಕಿ ಎಳೆಯುತ್ತಾರಲ್ಲ, ಅದೇ ಉಪಾಯ. ಹಳೇ ಕೇಬಲ್ಲಿನ ಹ್ಯಾಂಡಲ್ ಕಡೆಯ ತುದಿಗೆ ಗಟ್ಟಿ ಟ್ವೈನ್ ದಾರ ಕಟ್ಟಿ, ಗಂಟಿನ ಮೇಲೆ ಟೇಪ್ ಸುತ್ತಿ. ಎಂಜಿನ್ ಕಡೆಯಿಂದ ಕೇಬಲ್ಲನ್ನು ನಿಧಾನವಾಗಿ ಎಳೆದು ತೆಗೆಯಿರಿ. ಕೇಬಲ್ ಹೋಗಿ ದಾರ ಅದೇ ದಾರಿಯಲ್ಲಿ ಉಳಿಯುತ್ತದೆ. ಈಗ ದಾರದ ಕೆಳತುದಿಗೆ ಹೊಸ ಕೇಬಲ್ ಕಟ್ಟಿ ಮೇಲಿಂದ ಎಳೆದುಕೊಳ್ಳಿ.

ಬಿಚ್ಚುವ ಮುಂಚೆ ನಾಲ್ಕು ಕಡೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಯಾವ ಕೇಬಲ್ ಫೋರ್ಕಿನ ಎಡಕ್ಕೆ, ಯಾವುದು ಬಲಕ್ಕೆ, ಯಾವುದು ಮುಂದೆ, ಯಾವುದು ಹಿಂದೆ ಅನ್ನುವುದು ಎರಡು ಗಂಟೆ ಕಳೆದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಹೊಸ ಕೇಬಲ್ ಸೈಲೆನ್ಸರ್ ಬೆಂಡ್ ಪೈಪಿಗೂ ಸಿಲಿಂಡರ್ ಹೆಡ್ಡಿಗೂ ತಾಗಬಾರದು. ಎಲ್ಲೂ ಚೂಪಾಗಿ ಮಡಚಬಾರದು. ಪ್ಲಾಸ್ಟಿಕ್ ಟೈ ಹಾಕುವುದಿದ್ದರೆ ಕೇಬಲ್ ಅದರೊಳಗೆ ಜಾರುವಷ್ಟು ಸಡಿಲ ಇರಲಿ.

ಬ್ರೇಕ್ ಹೋಸ್ ನಾನೇ ಬದಲಾಯಿಸಬಹುದಾ?

ಬ್ರೇಕ್ ಬ್ಲೀಡಿಂಗ್, ಅಂದರೆ ಆಯಿಲ್ ಹಾಯಿಸಿ ಒಳಗಿನ ಗಾಳಿ ತೆಗೆಯುವ ಕೆಲಸ, ಮಾಡಿ ಅಭ್ಯಾಸ ಇದ್ದರೆ ಮಾತ್ರ. ಇಲ್ಲದಿದ್ದರೆ ಬೇರೆ ಎಲ್ಲ ಕೆಲಸ ನೀವು ಮಾಡಿ, ಇದೊಂದನ್ನು ಒಳ್ಳೆ ಮೆಕ್ಯಾನಿಕ್ ಹತ್ತಿರ ಮಾಡಿಸಿ.

ಮಾಡುವವರಿಗೆ ಕೆಲವು ಮಾತು. ಹೋಸಿನ ತುದಿಯ ಉಂಗುರವನ್ನು (ಬ್ಯಾಂಜೋ) ಹಿಡಿಸುವ ಬ್ಯಾಂಜೋ ಬೋಲ್ಟ್ 10 ಮಿ.ಮೀ. ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದರಲ್ಲಿ 1.00 ಪಿಚ್ (ಥ್ರೆಡ್‌ಗಳ ನಡುವಿನ ಅಂತರ), 1.25 ಪಿಚ್ ಅಂತ ಎರಡು ಥರ. ನೋಡಲು ಒಂದೇ ಥರ ಕಾಣುತ್ತವೆ. ತಪ್ಪು ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಮಾಸ್ಟರ್ ಸಿಲಿಂಡರಿನ (ಲಿವರ್ ಪಕ್ಕದ ಬ್ರೇಕ್ ಆಯಿಲ್ ಪಂಪು) ಥ್ರೆಡ್ ಹೋಗಿ ಪೂರ್ತಿ ಸೆಟ್ಟೇ ಬದಲಿಸಬೇಕಾಗುತ್ತದೆ. ಹಳೇ ಬೋಲ್ಟ್ ಚೆನ್ನಾಗಿದ್ದರೆ ಅದನ್ನೇ ಬಳಸಿ. ತಾಮ್ರದ ವಾಷರ್ ಮಾತ್ರ ಪ್ರತಿ ಸಲ ಹೊಸದು, ಬ್ಯಾಂಜೋದ ಎರಡೂ ಬದಿಗೆ ಒಂದೊಂದು.

ಬ್ರೇಕ್ ಆಯಿಲ್ ಯಾವುದು ಅನ್ನುವುದು ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲೇ ಬರೆದಿರುತ್ತದೆ, ಹೆಚ್ಚಾಗಿ ಡಾಟ್ 4. ಹೊಸ ಡಬ್ಬಿಯನ್ನೇ ಒಡೆಯಿರಿ. ಅದು ಗಾಳಿಯ ತೇವ ಎಳೆದುಕೊಳ್ಳುವ ಪದಾರ್ಥ, ಹೋದ ವರ್ಷ ತೆರೆದಿಟ್ಟಿದ್ದು ಉಪಯೋಗಕ್ಕಿಲ್ಲ. ಪೇಂಟಿನ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ. ಟ್ಯಾಂಕಿನ ಮೇಲೆ ಹಳೇ ಬೆಡ್‌ಶೀಟ್ ಎರಡು ಪದರ ಹೊದಿಸಿ, ಪಕ್ಕದಲ್ಲಿ ಒಂದು ಮಗ್ ನೀರು ಇಟ್ಟುಕೊಳ್ಳಿ. ಹನಿ ಬಿದ್ದ ಕೂಡಲೇ ನೀರು ಸುರಿಯಿರಿ.

ಹ್ಯಾಂಡಲ್ ಎತ್ತರ ಇದ್ದಾಗ ಗಾಳಿಗುಳ್ಳೆಗಳು ಮೇಲಿನ ಬ್ಯಾಂಜೋ ಹತ್ತಿರ ಬಂದು ಕೂರುತ್ತವೆ. ಕೆಳಗೆ ಚಕ್ರದ ಡಿಸ್ಕ್ ಹಿಡಿಯುವ ಕ್ಯಾಲಿಪರಿನಲ್ಲಿ ಎಷ್ಟು ಸಲ ಬ್ಲೀಡ್ ಮಾಡಿದರೂ ಲಿವರ್ ಮೆತ್ತಗೇ ಇದ್ದರೆ ಕಾರಣ ಅದೇ. ಮೇಲಿನ ಬ್ಯಾಂಜೋಗೆ ಬಟ್ಟೆ ಸುತ್ತಿ, ಲಿವರ್ ಒತ್ತಿ ಹಿಡಿದು, ಬೋಲ್ಟನ್ನು ಕಾಲು ಸುತ್ತು ಸಡಿಲಿಸಿ ಮತ್ತೆ ಬಿಗಿ ಮಾಡಿ, ಆಮೇಲೆ ಲಿವರ್ ಬಿಡಿ. ಪುಸ್ ಅಂತ ಗಾಳಿ ಆಯಿಲ್ ಜೊತೆ ಬರುತ್ತದೆ. ಇನ್ನೂ ಸ್ವಲ್ಪ ಉಳಿದಿದೆ ಅನಿಸಿದರೆ ಹಳೇ ಟ್ಯೂಬಿನ ಪಟ್ಟಿಯಿಂದ ಲಿವರನ್ನು ಗ್ರಿಪ್‌ಗೆ ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಲಿವರ್ ಗಟ್ಟಿಯಾಗಿರುತ್ತದೆ. ಆಗಲೂ ಮೆತ್ತಗಿದ್ದರೆ ಗಾಡಿ ರಸ್ತೆಗಿಳಿಸಬೇಡಿ.

ಎಬಿಎಸ್ ಇದೆ. ಹೋಸ್ ಮುಟ್ಟಬಹುದಾ?

2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಗಾಡಿಗಳಿಗೆಲ್ಲ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ, ಹಾಗಾಗಿ ಈ ಪ್ರಶ್ನೆ ಈಗ ಎಲ್ಲರದ್ದು. ಮುಂದಿನ ಬ್ರೇಕಿನಲ್ಲಿ ಎರಡು ತುಂಡು ಇರುತ್ತದೆ: ಮಾಸ್ಟರ್ ಸಿಲಿಂಡರಿನಿಂದ ಎಬಿಎಸ್ ಯೂನಿಟ್ ತನಕ ಒಂದು, ಅಲ್ಲಿಂದ ಕ್ಯಾಲಿಪರಿಗೆ ಇನ್ನೊಂದು. ಹ್ಯಾಂಡಲ್ ಎತ್ತರಕ್ಕೆ ಉದ್ದ ಆಗಬೇಕಿರುವುದು ಮೊದಲನೇದು ಮಾತ್ರ. ಕೆಲಸ ಮಾಡುವಾಗ ಆಯಿಲ್ ಪೂರ್ತಿ ಖಾಲಿಯಾಗಿ ಯೂನಿಟ್ ಒಳಗೆ ಗಾಳಿ ಹೊಕ್ಕರೆ ಸಾಧಾರಣ ಬ್ಲೀಡಿಂಗ್‌ನಲ್ಲಿ ಹೋಗದೇ ಇರಬಹುದು, ಶೋರೂಮಿನ ಡಯಾಗ್ನೋಸ್ಟಿಕ್ ಯಂತ್ರ ಬೇಕಾಗುತ್ತದೆ. ಎಬಿಎಸ್ ಗಾಡಿಗೆ ನಾನಂತೂ ರೈಸರ್ ಎತ್ತರದಲ್ಲೇ ನಿಲ್ಲಿಸಿ ಅನ್ನುತ್ತೇನೆ.

ಸ್ವಿಚ್ ಒಳಗೆ ಒಂದು ಚಿಕ್ಕ ಗೂಟ ಇದೆ, ಹೊಸ ಹ್ಯಾಂಡಲ್‌ಗೆ ತೂತಿಲ್ಲ. ಗೂಟ ಉಜ್ಜಿಬಿಡಲಾ?

ಉಜ್ಜಬೇಡಿ. ಸ್ವಿಚ್ ಹ್ಯಾಂಡಲ್ ಸುತ್ತ ತಿರುಗದಂತೆ ತಡೆಯುವುದೇ ಆ ಗೂಟ. ಬಲಗಡೆಯದ್ದನ್ನು ಉಜ್ಜಿದರೆ ಆಕ್ಸಿಲರೇಟರ್ ಜೊತೆ ಇಡೀ ಸ್ವಿಚ್ಚೇ ತಿರುಗುವ ದಿನ ಬರುತ್ತದೆ. ಹ್ಯಾಂಡಲ್ ಕೋನ, ಲಿವರ್ ಕೋನ ಎಲ್ಲ ಪಕ್ಕಾ ಆದ ಮೇಲೆ ಗೂಟದ ಜಾಗಕ್ಕೆ ಗುರುತು ಹಾಕಿ, ಗೂಟದಷ್ಟೇ ದಪ್ಪದ ಬಿಟ್ಟಿನಲ್ಲಿ ಒಂದೇ ತೂತು ಕೊರೆಯಿರಿ. ಬಾಗಿನ ಮೇಲಾಗಲಿ ಕ್ಲ್ಯಾಂಪ್ ಹತ್ತಿರವಾಗಲಿ ತೂತು ಬೇಡವೇ ಬೇಡ.

ಸ್ವಿಚ್ಚಿನ ವೈರು ಗಿಡ್ಡವಾಯಿತು. ಏನು ಮಾಡುವುದು?

ಮೊದಲು ಹೆಡ್‌ಲೈಟ್ ಬಿಚ್ಚಿ ಡೂಮ್ ಒಳಗೆ ನೋಡಿ. ಕ್ಲಾಸಿಕ್, ಬುಲೆಟ್‌ಗಳಲ್ಲಿ ಸ್ವಿಚ್ಚಿನ ಕಪ್ಲರ್‌ಗಳೆಲ್ಲ ಅಲ್ಲೇ ಇರುತ್ತವೆ, ಸುರುಳಿ ಸುತ್ತಿದ ವೈರು ಎರಡು ಮೂರು ಇಂಚು ಸಿಕ್ಕರೂ ಸಿಗಬಹುದು. ಸಿಗದಿದ್ದರೆ ಉದ್ದ ಮಾಡಬೇಕು. ಅದೇ ದಪ್ಪದ, ಸಾಧ್ಯವಾದರೆ ಅದೇ ಬಣ್ಣದ ವೈರು ತಂದು ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಹಾಕಿ. ಎಲ್ಲ ಜಾಯಿಂಟೂ ಒಂದೇ ಜಾಗಕ್ಕೆ ಬಂದರೆ ದಪ್ಪ ಗಂಟಾಗುತ್ತದೆ, ಒಂದೊಂದನ್ನು ಒಂದೊಂದು ಕಡೆ ಕತ್ತರಿಸಿ. ಸುಮ್ನೆ ತಿರುಚಿ ಕಪ್ಪು ಟೇಪ್ ಸುತ್ತಿದ ಜಾಯಿಂಟ್ ಮೊದಲ ಮುಂಗಾರಿಗೇ ಕೈಕೊಡುತ್ತದೆ. ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ.

ವೈರನ್ನು ಹ್ಯಾಂಡಲ್ ಪೈಪಿನ ಒಳಗಿಂದ ಒಯ್ದರೆ ನೋಡಲು ಚೆಂದ. ಆದರೆ ತೂತಿನ ಅಂಚು ಚೂಪಾಗಿದ್ದರೆ ವೈರಿನ ಮೇಲ್ಪದರ ಕತ್ತರಿಸಿ ಶಾರ್ಟ್ ಆಗುತ್ತದೆ. ಅಂಚು ಉಜ್ಜಿ ರಬ್ಬರ್ ಗ್ರಾಮೆಟ್ ಹಾಕುವ ತಾಳ್ಮೆ ಇಲ್ಲದವರು ಹೊರಗಿಂದಲೇ ಒಯ್ಯುವುದು ಮೇಲು.

ಹಳೇ ಗ್ರಿಪ್ ಬರುತ್ತಿಲ್ಲ.

ಗ್ರಿಪ್ ಅಡಿಗೆ ತೆಳು ಸ್ಕ್ರೂಡ್ರೈವರ್ ತೂರಿಸಿ ಸೋಪಿನ ನೀರು ಬಿಡಿ, ತಿರುಚುತ್ತಾ ಎಳೆಯಿರಿ. ಗಾಳಿ ಹಾಕುವ ಅಂಗಡಿಯ ಪೈಪು ಸಿಕ್ಕರೆ ಒಂದೇ ಸಲಕ್ಕೆ ಜಾರಿ ಬರುತ್ತದೆ. ಹಾಕುವಾಗ ಎಣ್ಣೆ, ಗ್ರೀಸ್ ಬೇಡ. ಹೇರ್ ಸ್ಪ್ರೇ ಹೊಡೆದು ತಳ್ಳಿ, ಒಣಗಿದ ಮೇಲೆ ಅಂಟಿಕೊಳ್ಳುತ್ತದೆ.

ಹ್ಯಾಂಡಲ್ ಕ್ಲ್ಯಾಂಪ್ ಎಷ್ಟು ಬಿಗಿ ಮಾಡಬೇಕು?

ನಿಮ್ಮ ಗಾಡಿಯ ಸರ್ವೀಸ್ ಮ್ಯಾನುಯಲ್ ಹೇಳಿದಷ್ಟು. 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ. ಟಾರ್ಕ್ ಪಾನಾ ಬಾಡಿಗೆಗಾದರೂ ತನ್ನಿ. ಮೇಲಿನ ಕ್ಲ್ಯಾಂಪಿಗೆ ಮುಂದೆ ಹಿಂದೆ ಇದೆ, ಅದರ ಮೇಲೆ ಚುಕ್ಕಿ ಅಥವಾ ಬಾಣ ಇದ್ದರೆ ಅದು ಮುಂದಕ್ಕೆ ಬರಬೇಕು. ಅಂಥ ಕ್ಲ್ಯಾಂಪಿನಲ್ಲಿ ಮುಂದಿನ ಬೋಲ್ಟ್‌ಗಳನ್ನು ಮೊದಲು ಪೂರ್ತಿ ಬಿಗಿ ಮಾಡಿ, ಆಮೇಲೆ ಹಿಂದಿನದ್ದು. ಎತ್ತರದ ಹ್ಯಾಂಡಲ್‌ಗೆ ಸನ್ನೆಯ ಬಲ ಜಾಸ್ತಿ. ಗುಂಡಿಗೆ ಇಳಿದಾಗ ನೀವು ಅದಕ್ಕೆ ಜೋತುಬಿದ್ದರೆ ಸಡಿಲ ಕ್ಲ್ಯಾಂಪಿನಲ್ಲಿ ಹ್ಯಾಂಡಲ್ ನಿಮ್ಮ ಕಡೆಗೇ ತಿರುಗಿ ಬರುತ್ತದೆ.

ಎಲ್ಲ ಹಾಕಿದ್ದಾಯಿತು. ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ತಾನೇ ರೈಸ್ ಆಗುತ್ತದೆ. ಯಾಕೆ?

ಆಕ್ಸಿಲರೇಟರ್ ಕೇಬಲ್ ಗಿಡ್ಡ ಇದೆ, ಅಥವಾ ತಪ್ಪು ದಾರಿಯಲ್ಲಿ ಹೋಗಿದೆ, ಅಥವಾ ಅದಕ್ಕೆ ಪ್ಲೇ ಇಟ್ಟಿಲ್ಲ. ಗ್ರಿಪ್ ತಿರುಗಿಸಿದಾಗ ಮೊದಲ ಕೆಲವು ಮಿ.ಮೀ. ಖಾಲಿ ತಿರುಗಬೇಕು, ಆಮೇಲೆ ಎಂಜಿನ್ ಏರಬೇಕು. ಇದನ್ನು ಅಲಕ್ಷ್ಯ ಮಾಡಬೇಡಿ. ಯೂ-ಟರ್ನ್ ತಗೊಳ್ಳುವಾಗ ಹ್ಯಾಂಡಲ್ ಪೂರ್ತಿ ತಿರುಗಿರುತ್ತದೆ, ಎದುರಿಗೆ ಬಸ್ಸು ಬರುತ್ತಿರುತ್ತದೆ, ಆಗ ಗಾಡಿ ತಾನಾಗಿ ಮುಂದೆ ನುಗ್ಗಿದರೆ ಏನಾಗುತ್ತದೆ ಯೋಚಿಸಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಂತೂ ಇದನ್ನು ಪರೀಕ್ಷೆ ಮಾಡಲು ಹೋಗಬೇಡಿ. ಮನೆ ಮುಂದೆ ಗಾಡಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಎಂಜಿನ್ ಆನ್ ಮಾಡಿ, ಎಡಬಲ ಪೂರ್ತಿ ತಿರುಗಿಸಿ ನೋಡಿ. ಸದ್ದು ಒಂದೇ ಸಮ ಇರಬೇಕು. ಗ್ರಿಪ್ ತಿರುಗಿಸಿ ಬಿಟ್ಟರೆ ಎರಡೂ ಕಡೆ ಟಪ್ ಅಂತ ವಾಪಸ್ ಬರಬೇಕು.

ಹಾಗೇ ಕ್ಲಚ್: ನ್ಯೂಟ್ರಲ್ ಬೀಳುತ್ತಿಲ್ಲ, ಗೇರ್ ಹಾಕಿದರೆ ಗಾಡಿ ಎಳೆಯುತ್ತದೆ ಅಂದರೆ ಪ್ಲೇ ಜಾಸ್ತಿಯಾಗಿದೆ. ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ ಅಂದರೆ ಪ್ಲೇ ಇಲ್ಲ, ಕ್ಲಚ್ ಸ್ಲಿಪ್ ಆಗುತ್ತಿದೆ.

ಹೊಸ ಕೇಬಲ್ಲಿಗೆ ಎಣ್ಣೆ ಬಿಡಬೇಕಾ?

ಒಳಗೆ ನೈಲಾನ್ ಅಥವಾ ಟೆಫ್ಲಾನ್ ಲೈನಿಂಗ್ ಇದ್ದರೆ ಬೇಡ, ದಪ್ಪ ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ. ಲೈನಿಂಗ್ ಇಲ್ಲದ ಹಳೇ ಮಾದರಿಯದ್ದಾದರೆ ತೆಳು ಎಣ್ಣೆ ನಾಲ್ಕು ಹನಿ. ಲಿವರ್ ಕಡೆಯ ನಿಪ್ಪಲ್ ತಿರುಗುವ ತೂತಿಗೆ ಮಾತ್ರ ಎಲ್ಲ ಗಾಡಿಗೂ ಚೂರು ಗ್ರೀಸ್ ಹಚ್ಚಿ. ಅಲ್ಲಿ ನಿಪ್ಪಲ್ ತಿರುಗದೆ ತಂತಿ ಪದೇ ಪದೇ ಮಡಚಿದರೆ ಒಂದೊಂದೇ ಎಳೆ ಹರಿಯುತ್ತಾ ಬರುತ್ತದೆ.

ಪೊಲೀಸರು ಹಿಡಿಯುತ್ತಾರಾ? ಇನ್ಶೂರೆನ್ಸ್ ಕಥೆ ಏನು?

ಕಾನೂನು ಹೀಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಅಡಿ ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕನಿಗೆ 6 ತಿಂಗಳ ತನಕ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಆರ್‌ಸಿಯಲ್ಲಿ ಹ್ಯಾಂಡಲ್ ಎತ್ತರ ಬರೆದಿರುವುದಿಲ್ಲ. ರಸ್ತೆಯಲ್ಲಿ ಪೊಲೀಸರ ಕಣ್ಣು ಮೊದಲು ಬೀಳುವುದೂ ಸೈಲೆನ್ಸರ್ ಮೇಲೆ, ನಂಬರ್ ಪ್ಲೇಟ್ ಮೇಲೆ. ಹಾಗಂತ ಏನೂ ಆಗುವುದಿಲ್ಲ ಅಂತ ನಾನು ಬರೆದು ಕೊಡಲಾರೆ. ಅದೇ ಕಂಪನಿಯ ಇನ್ನೊಂದು ಮಾಡೆಲ್ಲಿನ ಹ್ಯಾಂಡಲ್ ಹಾಕಿದರೆ ವಾದಕ್ಕೆ ಸ್ವಲ್ಪ ಬಲ. ಕೈ ಭುಜದ ಮೇಲೆ ಹೋಗುವಂಥ ಏಪ್ ಹ್ಯಾಂಗರ್ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತರೆ ಕರೆಯದೇ ಬಿಡುವುದಿಲ್ಲ. ಇನ್ಶೂರೆನ್ಸ್ ಕಂಪನಿಗೆ ಒಂದು ಇಮೇಲ್ ಹಾಕಿ ತಿಳಿಸಿ, ಉತ್ತರ ಇಟ್ಟುಕೊಳ್ಳಿ. ಹೇಳದೇ ಇದ್ದು ಅಪಘಾತವಾದ ಮೇಲೆ ಸರ್ವೇಯರ್ ಬಂದು ಹೋಸ್ ನೋಡಿ ಪ್ರಶ್ನೆ ಎತ್ತಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ವಾರಂಟಿ ಇರುವ ಗಾಡಿಯಾದರೆ ಅದು ಮುಗಿಯುವ ತನಕ ಕಾಯುವುದು ವಾಸಿ.

ಸಾಮಾನು ಎಲ್ಲಿ ಸಿಗುತ್ತದೆ, ಖರ್ಚೆಷ್ಟು?

ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಹ್ಯಾಂಡಲ್, ಕೇಬಲ್, ಹೋಸ್ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತದೆ, ಕೇಬಲ್ ಅಳತೆಗೆ ಮಾಡಿಕೊಡುವವರೂ ಸಿಗುತ್ತಾರೆ. ಗುಜರಿಯಲ್ಲಿ ಹ್ಯಾಂಡಲ್ ತಗೊಳ್ಳುವುದಾದರೆ ಗಾಜಿನ ಟೇಬಲ್ ಮೇಲಿಟ್ಟು ಎರಡೂ ತುದಿ ಒಂದೇ ಸಮ ಇದೆಯಾ ನೋಡಿ. ಬಿದ್ದು ಬಾಗಿದ್ದನ್ನು ನೆಟ್ಟಗೆ ಮಾಡಿ ಕ್ರೋಮ್ ಹೊಡೆಸಿ ಇಟ್ಟಿರುತ್ತಾರೆ. ಕೇಬಲ್ ಕೆಲವು ನೂರರಲ್ಲಿ ಮುಗಿಯುತ್ತದೆ. ಸ್ಟೀಲ್ ಹೆಣಿಗೆಯ ಬ್ರೇಕ್ ಹೋಸ್ ಸಾವಿರದ ಲೆಕ್ಕ. ಗುಜರಿಯ ಬ್ರೇಕ್ ಹೋಸ್ ಪುಕ್ಕಟೆ ಕೊಟ್ಟರೂ ಬೇಡ.

ಮೊದಲ ಓಟದ ನಂತರ ಏನೇನು ನೋಡಬೇಕು?

ಮನೆ ಸುತ್ತಮುತ್ತ ನಿಧಾನಕ್ಕೆ ಹತ್ತು ಕಿ.ಮೀ. ಓಡಿಸಿ ಬಂದು ಕ್ಲ್ಯಾಂಪ್ ಬೋಲ್ಟ್, ಬ್ಯಾಂಜೋ ಬೋಲ್ಟ್ ಪರೀಕ್ಷಿಸಿ. ಬ್ಯಾಂಜೋ ಸುತ್ತ ಬಿಳಿ ಟಿಶ್ಯೂ ಒತ್ತಿ, ಒದ್ದೆಯಾದರೆ ಸೋರುತ್ತಿದೆ. ಹೊಸ ಕೇಬಲ್ ಮೊದಲ ಕೆಲವು ದಿನ ಸ್ವಲ್ಪ ಕೂರುತ್ತದೆ, ಕ್ಲಚ್ ಪ್ಲೇ ಮತ್ತೊಮ್ಮೆ ಹೊಂದಿಸಬೇಕಾಗುತ್ತದೆ. ಹೆಡ್‌ಲೈಟ್ ಬಿಚ್ಚಿದ್ದರೆ ಅದರ ಕೋನವನ್ನು ರಾತ್ರಿ ಗೋಡೆಗೆ ಬೆಳಕು ಬಿಟ್ಟು ಸರಿಮಾಡಿ. ಕನ್ನಡಿಯಲ್ಲಿ ನಿಮ್ಮ ಮೊಣಕೈ ಮಾತ್ರ ಕಾಣುತ್ತಿದ್ದರೆ ಉದ್ದ ಕಾಂಡದ ಕನ್ನಡಿ ಹಾಕಿಸಿ. ಹಳೇ ಹ್ಯಾಂಡಲ್, ಹಳೇ ಕೇಬಲ್, ಹಳೇ ಹೋಸ್ ಮೂರನ್ನೂ ಒಂದು ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ, ಗಾಡಿ ಮಾರುವ ದಿನ ಬೇಕಾಗುತ್ತದೆ.